ಸತ್ತ ಮೇಲೆ ಸಂತ, ಇದ್ದಾಗ ತಿಕ್ಕಲು

ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಮೊನ್ನೆ ಮತ್ತೆ ನೋಡಿದೆ. ಶರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ್, ಸಂಗೀತ ಸಿ. ಅಶ್ವಥ್. ಶಿಗ್ಗಾಂವಿ ಸೀಮೆಯ ಭಜನಾ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದ್ದರಲ್ಲಿ ಈ ಚಿತ್ರದ ಪಾಲು ದೊಡ್ಡದು. ಆದರೂ ನನಗೊಂದು ತಕರಾರಿದೆ, ಅದು ಶೀರ್ಷಿಕೆಯ ಮೊದಲ ಪದದಿಂದಲೇ ಶುರುವಾಗುತ್ತೆ: ‘ಸಂತ’.

‘ಸಂತ’ ಅಂದಕೂಡಲೇ ಮನುಷ್ಯನ ವಿಚಿತ್ರಗಳೆಲ್ಲ ತತ್ವವಾಗಿಬಿಡ್ತವೆ. ಶರೀಫರಿಗೆ ಒಂದು ಗೀಳಿತ್ತು, ಕಣ್ಣಿಗೆ ಬಿದ್ದದ್ದರ ಮೇಲೆಲ್ಲ ಪದ ಕಟ್ಟೋದು. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಗಳು ಮಳೆಗೆ ನಿಜವಾಗಿಯೂ ಸೋರುತ್ತವೆ. ಬೇರೆಯವರು ಪಾತ್ರೆ ಇಡ್ತಾರೆ, ಮೇಲೆ ಹತ್ತಿ ಮಣ್ಣು ಮೆತ್ತುತ್ತಾರೆ. ಈ ಪುಣ್ಯಾತ್ಮ ಅದರ ಮೇಲೊಂದು ಹಾಡು ಕಟ್ಟಿದರು. ನಾವೋ, ಅಶ್ವಥ್ ದನಿ ಏಳುವ ಮೊದಲೇ ‘ಮಾಳಿಗೆ ಅಂದ್ರೆ ದೇಹ’ ಅಂತ ತಲೆದೂಗುತ್ತೇವೆ. ಸೋರುವ ಮನೆ ಕಾಣೋದೇ ಇಲ್ಲ. ಕೋಳಿ ಕೋತಿಯನ್ನು ನುಂಗುವ ಹಾಡಿಗೂ ಇದೇ ಗತಿ. ಒಳಾರ್ಥ ಹುಡುಕುವ ಭರದಲ್ಲಿ ನಗೋದನ್ನೇ ಮರೆತಿದ್ದೇವೆ.

ಬ್ರಾಹ್ಮಣ ಗುರು ಮುಸ್ಲಿಂ ಶಿಷ್ಯನಿಗೆ ಜನಿವಾರ ಹಾಕಿದರಂತೆ, ಎರಡೂ ಕಡೆಯವರು ಸಿಟ್ಟಾದರಂತೆ. ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂತು. ಸಂತೋಷವೇ. ಆದರೆ ಹತ್ತೊಂಬತ್ತನೇ ಶತಮಾನದ ಆ ಊರುಗಳಲ್ಲಿ ಅದಕ್ಕೆ ಭಾವೈಕ್ಯ ಅನ್ನೋ ಹೆಸರು ಇದ್ದಿರಲಾರದು. ಅದು ಇಬ್ಬರು ಮನುಷ್ಯರ ಹಟ. ಪ್ರಶಸ್ತಿ ಅದನ್ನು ಪಾಠ ಮಾಡಿತು. ಪಾಠಕ್ಕೆ ಯಾರೂ ಸಿಟ್ಟಾಗೋದಿಲ್ಲ.

ಇದನ್ನು ಹೇಳುವ ಯೋಗ್ಯತೆ ನನಗೂ ಕಡಿಮೆಯೇ. ಹಾನಗಲ್ಲಿನ ನಮ್ಮ ಸೋದರಮಾವನಿಗೂ ಕಂಡದ್ದಕ್ಕೆಲ್ಲ ಮಾತು ಕಟ್ಟುವ ಚಾಳಿ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗ ಲಿಫ್ಟಿನ ಮುಂದೆ ನಿಂತು ಗಟ್ಟಿಯಾಗಿ, “ಬಾಯಿ ತೆರೀತೈತಿ, ಮಂದೀನ್ನ ನುಂಗತೈತಿ, ಹೊಟ್ಟಿ ಮಾತ್ರ ತುಂಬವಲ್ದು” ಅಂದ. ಪಕ್ಕದವರು ತಿರುಗಿ ನೋಡಿದರು. “ಮಾಮಾ, ಮಂದಿ ನೋಡಾಕತ್ತಾರ, ಸುಮ್ನಿರ್ರಿ” ಅಂದೆ. ಸುಮ್ಮನಾದ. ಊರಿಗೆ ಹೋಗುವವರೆಗೂ ಸುಮ್ಮನೇ ಇದ್ದ. ಆ ವಾರವೂ ಆಫೀಸ್ ದಾರಿಯಲ್ಲಿ ನನ್ನ ಇಯರ್‌ಫೋನಿನಲ್ಲಿ ಶರೀಫರ ಪದಗಳೇ ಇದ್ದವು.

ಚಿತ್ರವನ್ನು ಖಂಡಿತ ನೋಡಿ, ಹಾಡುಗಳಿಗಾಗಿಯಾದರೂ. ಆದರೆ ನೋಡುವಾಗ ಆ ‘ಸಂತ’ ಪದವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇಂಥವನೊಬ್ಬ ನಮ್ಮ ಮನೆಗೇ ಬಂದು, ಸೋರುವ ಸೂರಿನ ಕೆಳಗೆ ಕೂತು ಹಾಡತೊಡಗಿದರೆ ಏನನ್ನುತ್ತೇವೆ? ನಾನು ಏನಂದೆ ಅನ್ನೋದು ನನಗೆ ಗೊತ್ತಿದೆ.