ಮೈ ಬೆಳೆಸದೆ ಗುದ್ದು ಬೆಳೆಸುವ ಬಗೆ

ಹಂಪಿಯ ಎದುರಿನ ವಿರೂಪಾಪುರಗಡ್ಡೆಯಿಂದ ಹೊಳೆ ದಾಟಿ ದಕ್ಷಿಣಕ್ಕೆ ಒಂದಷ್ಟು ದೂರ ಹೋದರೆ ಮಹಾನವಮಿ ದಿಬ್ಬ. ಅದರ ಮಗ್ಗುಲಿನ ಕಲ್ಲುಪಟ್ಟಿಕೆಗಳಲ್ಲಿ ಬೇಟೆಗಾರರು, ಕುದುರೆಗಳು, ಕುಣಿಯುವ ಹೆಂಗಸರ ನಡುವೆ ಜಟ್ಟಿಗಳೂ ಇದ್ದಾರೆ. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, ಇಲ್ಲಿಯ ಮಲ್ಲಯುದ್ಧ ತಮ್ಮ ನಾಡಿನ ಕುಸ್ತಿಯಂಥದ್ದಲ್ಲ, ಇಲ್ಲಿ ಗುದ್ದಾಟವೂ ಉಂಟು ಎಂದು ಬರೆದಿಟ್ಟಿದ್ದಾನೆ. ಹಲ್ಲು ಉದುರುವ, ಕಣ್ಣು ಹೋಗುವ ಏಟುಗಳು ಅವು. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರಂತೆ.

ಕೃಷ್ಣದೇವರಾಯನ ಬೆಳಗಿನ ಸಾಮಿನ ಬಗ್ಗೆಯೂ ಪಾಯೆಸ್ ಹೇಳುತ್ತಾನೆ. ನಸುಕಿಗೂ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿಕೊಂಡು, ಅರಸ ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳಿಂದ ಎತ್ತುತ್ತಿದ್ದ. ಆಮೇಲೆ ಕತ್ತಿ ಹಿಡಿದು ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಬೀಸುತ್ತಿದ್ದ. ಅದಾದ ಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿ, ಕೊನೆಗೆ ಕುದುರೆ ಸವಾರಿ. ಈ ಕ್ರಮ ಗಮನಿಸಬೇಕಾದದ್ದು: ಮೊದಲು ಭಾರ, ಆಮೇಲೆ ವೇಗ, ಅದಾದ ಮೇಲೆ ಎದುರಾಳಿ. ಇಂದಿನ ತರಬೇತುದಾರರೂ ಭಾರ ಎತ್ತಿಸಿದ ಮೇಲೆ ವೇಗದ ಕಸರತ್ತು ಮಾಡಿಸುತ್ತಾರೆ. ಆದರೆ ಬೆವರು ಇಳಿಯುವವರೆಗೂ ಬೀಸುವ ಪದ್ಧತಿಯಿಂದ ದಮ್ಮು ಬೆಳೆದೀತೇ ಹೊರತು ಏಟಿನ ಚುರುಕು ಬೆಳೆಯುವುದಿಲ್ಲ. ನಮ್ಮ ಗರಡಿ ಸಾಧನೆಯ ಗುಣ, ಕೊರತೆ ಎರಡೂ ಈ ಒಂದು ವರ್ಣನೆಯೊಳಗೇ ಇವೆ.

ಗಂಗಾವತಿಯಲ್ಲೋ ಕುಷ್ಟಗಿಯಲ್ಲೋ ಕರಾಟೆ ಕಲಿಯುವ ಹುಡುಗನ ಕಷ್ಟ ಬೇರೆ. ಅಂತರರಾಷ್ಟ್ರೀಯ ಕುಮಿತೆಯಲ್ಲಿ, ಅಂದರೆ ಕರಾಟೆಯ ಎದುರುಬದುರು ಕಾಳಗದಲ್ಲಿ, ಗಂಡಸರ ತೂಕದ ವಿಭಾಗಗಳು 60 ಕಿಲೋ, 67 ಕಿಲೋ ಎಂದು ಗೆರೆ ಕೊರೆದಂತೆ ಇವೆ. 59 ಕಿಲೋ ಇರುವವನು ಬಲ ಬರಲೆಂದು ಮೂರು ಕಿಲೋ ಮೈ ಬೆಳೆಸಿಕೊಂಡರೆ, ತನಗಿಂತ ಐದು ಕಿಲೋವರೆಗೆ ಹೆಚ್ಚು ಭಾರದವರ ಎದುರು ಹೋಗಿ ನಿಲ್ಲಬೇಕಾಗುತ್ತದೆ. ಬಾಕ್ಸಿಂಗಿನಲ್ಲೂ ಇದೇ ಕಥೆ. ಅವನಿಗೆ ಬೇಕಿರುವುದು ತೂಕ ಏರದ ಬಲ.

ಅಂಥ ಬಲ ಉಂಟು ಎಂಬುದಕ್ಕೆ ವೇಲ್ಸ್‌ನ ಬಾಕ್ಸರ್ ಜಿಮ್ಮಿ ವೈಲ್ಡ್ ಸಾಕ್ಷಿ. 1916ರಿಂದ 1923ರವರೆಗೆ ಫ್ಲೈವೇಟ್ ವಿಶ್ವ ಚಾಂಪಿಯನ್ ಆಗಿದ್ದ ಈ ಸಣಕಲ ಮನುಷ್ಯ ಎಷ್ಟೋ ಸಲ 50 ಕಿಲೋಗಿಂತ ಕಡಿಮೆ ತೂಗುತ್ತಿದ್ದ. ಅವನ ಗೆಲುವುಗಳಲ್ಲಿ ಬಹುಪಾಲು ನಾಕೌಟ್‌ಗಳೇ.

ಗುದ್ದು ಹುಟ್ಟುವುದು ತೋಳಿನಲ್ಲಿ ಎಂದು ನಂಬಿದವರೇ ಹೆಚ್ಚು. ಸೋವಿಯತ್ ಸಂಶೋಧಕ ಫಿಲಿಮೊನೊವ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಬುಡಮೇಲು ಮಾಡಿತು. ನುರಿತ ಬಾಕ್ಸರ್‌ಗಳ ನೇರ ಗುದ್ದಿನಲ್ಲಿ ಹಿಂಗಾಲಿನ ತಳ್ಳುವಿಕೆಯ ಪಾಲು ಸುಮಾರು ಶೇ. 38, ನಡು ತಿರುಗುವುದರ ಪಾಲು ಶೇ. 37, ತೋಳು ಚಾಚುವುದರ ಪಾಲು ಬರೀ ಶೇ. 24. ಕಲಿಕೆ ಸಾಲದವರಲ್ಲಿ ಕಾಲಿನ ಪಾಲು ಶೇ. 17ರ ಆಸುಪಾಸಿಗೆ ಇಳಿದಿತ್ತು. ಒಳ್ಳೆಯ ಗುದ್ದನ್ನು ಹತ್ತಿರದಿಂದ ನೋಡಿದರೂ ಇದು ಕಾಣುತ್ತದೆ. ಮೊದಲು ಹಿಂಗಾಲಿನ ಹಿಮ್ಮಡಿ ನೆಲ ಬಿಟ್ಟು ಹೊರಳುತ್ತದೆ, ಅದರ ಬೆನ್ನಿಗೆ ಸೊಂಟ ತಿರುಗುತ್ತದೆ, ಹೆಗಲು ಮುಂದಾಗುತ್ತದೆ. ಮುಷ್ಟಿ ಹೊರಡುವುದು ಎಲ್ಲಕ್ಕಿಂತ ಕೊನೆಗೆ.

ಈ ಅಳತೆಗೋಲು ಹಿಡಿದರೆ ಗರಡಿಮನೆಯ ಎಣಿಕೆಯ ಹುಚ್ಚು ಒಪ್ಪತಕ್ಕದ್ದಲ್ಲ. ನೂರುಗಟ್ಟಲೆ ದಂಡ, ನೂರುಗಟ್ಟಲೆ ಬಸ್ಕಿ, ಮೇಲೆ ಹಾಲು, ತುಪ್ಪ, ಬಾದಾಮಿ. ಮಟ್ಟಿಯಲ್ಲಿ ಹೊತ್ತುಗಟ್ಟಲೆ ಹಿಡಿದು ಒತ್ತುವ ಪೈಲ್ವಾನನಿಗೆ ಇದು ಸರಿಯೇ. ಅವನಿಗೆ ತೂಕವೂ ಆಯುಧ, ದಮ್ಮೂ ಆಯುಧ. ಗುದ್ದುವವನ ಲೆಕ್ಕ ಬೇರೆ. ಸ್ನಾಯು ತನ್ನ ಪೂರ್ತಿ ಬಲ ಕೂಡಿಸಿಕೊಳ್ಳಲು ಸೆಕೆಂಡಿನ ಮೂರನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಗುದ್ದು ಅಷ್ಟು ಹೊತ್ತು ಕಾಯುವುದಿಲ್ಲ. ಎಷ್ಟು ಬಲವಿದೆ ಎನ್ನುವುದಕ್ಕಿಂತ ಎಷ್ಟು ಬೇಗ ಹೊರಬರುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ದಣಿದ ಮೈಯಲ್ಲಿ ನಿಧಾನವಾಗಿ ಮಾಡಿದ ಮುನ್ನೂರನೆಯ ಬಸ್ಕಿ ಕಲಿಸುವುದು ನಿಧಾನವನ್ನೇ.

ಹಾಗೆಂದು ಗರಡಿಯನ್ನು ಬಿಟ್ಟು ಜಿಮ್‌ಗೆ ಓಡಬೇಕಿಲ್ಲ. ಬೇಕಾದ ಮದ್ದು ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲೇ ಇದೆ: ಗುಂಡುಕಲ್ಲು. ಕಾಲು ಅಗಲಿಸಿ ಕೂತು, ಹಿಡಿಯೇ ಇಲ್ಲದ ಉರುಟು ಕಲ್ಲನ್ನು ಅಪ್ಪಿ ತೊಡೆಯ ಮೇಲೆ ತಂದುಕೊಳ್ಳಬೇಕು. ಅಲ್ಲಿ ಒಂದು ಉಸಿರು ತಗೊಂಡು, ಸೊಂಟದ ಒಂದೇ ಝಾಡಿಗೆ ಎದೆಗೆ, ಎದೆಯಿಂದ ಹೆಗಲಿಗೆ ಏರಿಸಿ ಹಿಂದಕ್ಕೆ ಬೀಳಿಸಬೇಕು. ತೋಳು ಇಲ್ಲಿ ಬರೀ ಕೊಂಡಿ. ಕೆಲಸವೆಲ್ಲ ಕಾಲು, ಸೊಂಟ, ಬೆನ್ನಿನದು. ಒಂದು ಸಲ ಎತ್ತಿದವನು ಮತ್ತೆ ತನ್ನ ಸರದಿ ಬರುವ ತನಕ ದಣಿವಾರಿಸಿಕೊಳ್ಳುತ್ತಾನೆ. ಕ್ರೀಡಾ ವಿಜ್ಞಾನ ಹೇಳುವುದೂ ಇದನ್ನೇ: ಭಾರ ದೊಡ್ಡದಿರಲಿ, ಎತ್ತುವುದು ಮೂರರಿಂದ ಐದು ಸಲ ಸಾಕು, ನಡುವೆ ಮೂರು ನಾಲ್ಕು ನಿಮಿಷ ವಿಶ್ರಾಂತಿ. ಆಗ ನರಮಂಡಲ ಇರುವ ಸ್ನಾಯುವನ್ನೇ ಹೆಚ್ಚು ಹೆಚ್ಚಾಗಿ, ಬೇಗ ಬೇಗ ಎಬ್ಬಿಸಲು ಕಲಿಯುತ್ತದೆ. ಒಟ್ಟು ದುಡಿಮೆ ಕಡಿಮೆ, ಊಟ ಹಿತಮಿತ ಆದ್ದರಿಂದ ಮೈ ಹೆಚ್ಚು ಊದುವುದಿಲ್ಲ.

ವಿರೂಪಾಪುರಗಡ್ಡೆಯ ಬಂಡೆಗಳ ಮೇಲೆ ವರ್ಷಗಳಿಂದ ನಡೆದಿರುವುದೂ ಇಂಥದೇ ಸಾಧನೆ. ಅಮೆರಿಕದ ಆರೋಹಿ ಕ್ರಿಸ್ ಶರ್ಮಾ ಇದ್ದ ‘ಪಿಲ್ಗ್ರಿಮೇಜ್’ ಚಿತ್ರ 2003ರಲ್ಲಿ ಬಂದ ಮೇಲೆ ಈ ಭಾಗದ ಬಂಡೆಗಳು ಜಗತ್ತಿನ ಆರೋಹಿಗಳಿಗೆಲ್ಲ ಪರಿಚಯವಾದವು. ಹಗ್ಗವಿಲ್ಲದೆ ಐದಾರು ಹಿಡಿತದಲ್ಲಿ ಮುಗಿಯುವ ಏರು, ಆಮೇಲೆ ನೆರಳಲ್ಲಿ ಸಾಕಷ್ಟು ಹೊತ್ತು ವಿಶ್ರಾಂತಿ. ಒಂದು ಕಿಲೋ ಕೊಬ್ಬು ಹೆಚ್ಚಿದರೂ ಬೆರಳಿಗೆ ಗೊತ್ತಾಗುವ ಆಟ ಅದು. ಪಕ್ಕದ ಅಂಜನಾದ್ರಿಯ 575 ಮೆಟ್ಟಿಲುಗಳನ್ನೂ ಹೀಗೇ ಬಳಸಬಹುದು. ಪೂರ್ತಿ ಓಡಿ ಹತ್ತಿದರೆ ದಮ್ಮಿಗೆ ಒಳ್ಳೆಯದು. ಗುದ್ದಿನ ಕಾಲಿಗೆ ಬೇಕಾದದ್ದು ಹದಿನೈದು ಇಪ್ಪತ್ತು ಮೆಟ್ಟಿಲು ಜಿಗಿದು, ನಿಂತು, ಉಸಿರು ಹತೋಟಿಗೆ ಬಂದ ಮೇಲೆ ಮತ್ತೆ ಜಿಗಿಯುವುದು. ಭಕ್ತರ ಸಂದಣಿ ಇಲ್ಲದ ಹೊತ್ತು ನೋಡಿಕೊಳ್ಳಬೇಕು, ಅಷ್ಟೆ.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ ಈ ವಿಷಯದಲ್ಲಿ ಆಮೇಲಿನ ಗರಡಿಗಳಿಗಿಂತ ವಿವೇಕವುಳ್ಳದ್ದು. ಅವನ ತಂದೆ ಆರನೆಯ ವಿಕ್ರಮಾದಿತ್ಯನ ಕಾಲದ, 1112ರ ಮಹಾದೇವ ದೇವಾಲಯ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಇಂದಿಗೂ ನಿಂತಿದೆ. ಹಾಗಾಗಿ ‘ಮಾನಸೋಲ್ಲಾಸ’ ನಮಗೆ ಪರಕೀಯ ಗ್ರಂಥವೇನಲ್ಲ. ಅದರ ಮಲ್ಲವಿನೋದ ಭಾಗದಲ್ಲಿ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಶ್ರಮಗಳನ್ನು ಬೇರೆ ಬೇರೆ ಮಾಡಿ ಹೇಳಿದೆ. ಮರಳಚೀಲದ ಭಾರ, ನಡಿಗೆ, ಈಜು, ಕಂಬದ ಕಸರತ್ತು ಒಂದೊಂದಕ್ಕೂ ಅದರದೇ ಕೆಲಸ. ಎಲ್ಲವನ್ನೂ ಒಂದೇ ಎಣಿಕೆಗೆ ಹಾಕಿಲ್ಲ.

ಗುದ್ದಿನ ಪರಂಪರೆ ಉಳಿದದ್ದು ಮೈಸೂರಿನಲ್ಲಿ. ವಿಜಯದಶಮಿಯಂದು ಅಂಬಾವಿಲಾಸ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿದ ಜಟ್ಟಿಗಳು ಮುಷ್ಟಿಗೆ ಮೊನಚಾದ ವಜ್ರಮುಷ್ಟಿ ತೊಟ್ಟು ನಿಲ್ಲುತ್ತಾರೆ. ತಲೆಯಲ್ಲಿ ರಕ್ತ ಕಂಡ ಕೂಡಲೇ ಕಾಳಗ ಮುಗಿಯಿತು. ಎಷ್ಟೋ ಸಲ ಅದಕ್ಕೆ ಒಂದು ನಿಮಿಷವೂ ಬೇಡ. ದಪ್ಪ ಮೈ ಅಲ್ಲಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಮೊದಲ ಏಟು ಯಾರದು ಎಂಬುದೊಂದೇ ಲೆಕ್ಕ.

ಆ ಮೊದಲ ಏಟಿಗೆ ಬಲದಷ್ಟೇ ಸಡಿಲವೂ ಬೇಕು. ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಂಗಡಿಗರು 2010ರಲ್ಲಿ ನುರಿತ ಹೋರಾಟಗಾರರ ಸ್ನಾಯುಗಳನ್ನು ಅಳೆದಾಗ ಬಿಗಿತ ಎರಡು ಸಲ ಏರುವುದು ಕಂಡಿತು: ಹೊರಡುವಾಗ ಒಮ್ಮೆ, ತಾಗುವಾಗ ಇನ್ನೊಮ್ಮೆ. ನಡುವೆ ಮೈ ಸಡಿಲ. ಹೊರಟಾಗಿನಿಂದ ತಾಗುವ ತನಕ ಬಿಗಿಹಿಡಿದ ತೋಳು ತನ್ನ ವೇಗವನ್ನು ತಾನೇ ತಿಂದುಹಾಕುತ್ತದೆ. ಈ ಸಡಿಲವನ್ನು ಕಲ್ಲು ಕಲಿಸುವುದಿಲ್ಲ, ಮೆಟ್ಟಿಲೂ ಕಲಿಸುವುದಿಲ್ಲ. ಅದಕ್ಕೆ ಮರಳಚೀಲದ ಮುಂದೆ, ದಣಿಯುವ ಮೊದಲೇ, ಒಂದೊಂದೇ ಗುದ್ದನ್ನು ಪೂರ್ತಿ ಮನಸ್ಸಿಟ್ಟು ಹೊಡೆಯಬೇಕು. ಕಲ್ಲು ಎತ್ತುವುದು ವಾರಕ್ಕೆ ಎರಡು ದಿನ ಇದ್ದರೆ ಸಾಕು, ಅದೂ ಗುದ್ದಿನ ಅಭ್ಯಾಸ ಮುಗಿದ ಮೇಲೆ.