‘ಭಕ್ತ ಕುಂಬಾರ’ದ ಕರುಣರಸ

ಪುಂಡಲೀಕನ ಧರ್ಮಸಂಕಟವು ಅಲ್ಪವಾದುದು. ಪಶ್ಚಾತ್ತಾಪಪಟ್ಟ ಮೇಲೆ, ಮಾತಾಪಿತೃಗಳ ಸೇವೆ ಮುಗಿಯುವವರೆಗೆ ದೇವರನ್ನೇ ಇಟ್ಟಿಗೆಯ ಮೇಲೆ ನಿಲ್ಲಿಸಿದನು, ದೇವರೂ ನಿಂತನು. 1957ರ ತೆಲುಗು ‘ಪಾಂಡುರಂಗ ಮಹಾತ್ಮ್ಯಂ’ ಚಿತ್ರದ ವಸ್ತುವು ಇದೇ. ಹುಣಸೂರು ಕೃಷ್ಣಮೂರ್ತಿಗಳು 1974ರಲ್ಲಿ ಕನ್ನಡದಲ್ಲಿ ನಿರ್ದೇಶಿಸಿದ ‘ಭಕ್ತ ಕುಂಬಾರ’ದ ಗೋರನಿಗಾದರೋ ಅಂತಹ ಸೌಲಭ್ಯವಿಲ್ಲ. ಅವನು ಕುಲವೃತ್ತಿಯನ್ನು ತೊರೆದು ಓಡಿದವನಲ್ಲ; ಮಣ್ಣು ತುಳಿಯುತ್ತಲೇ ವಿಠಲನಲ್ಲಿ ಲೀನನಾದನು, ಆ ಮಣ್ಣಿನಲ್ಲಿಯೇ ತನ್ನ ಶಿಶುವನ್ನೂ ತುಳಿದನು. ರಾಜ್‌ಕುಮಾರರ ಅಭಿನಯದಲ್ಲಿ ಈ ತನ್ಮಯತೆಯು ಎಷ್ಟು ನಿಷ್ಕಪಟವಾಗಿದೆಯೆಂದರೆ, ಪ್ರೇಕ್ಷಕನಿಗೆ ಅವನ ಮೇಲೆ ಕೋಪವೇ ಹುಟ್ಟದು. ಚಿತ್ರದ ಗುಣವೂ ಅದು, ದೋಷವೂ ಅದೇ. ಏಕೆಂದರೆ ಹೆತ್ತವಳ ಕೋಪವು ಅಜ್ಞಾನವಲ್ಲ. ಮಗುವನ್ನು ಗಂಡನ ವಶಕ್ಕೆ ಬಿಟ್ಟು ನೀರಿಗೆ ಹೋದವಳ ನಂಬಿಕೆ ಎಂತಹದೆಂಬುದನ್ನು ಹಿರೀಸಾವೆಯ ಯಾವ ಗೃಹಿಣಿಯಾದರೂ ಹೇಳಬಲ್ಲಳು. ದೇವರ ಮೇಲಿನ ನಂಬಿಕೆಗಿಂತ ಅದು ಕಿರಿದೆ? ಕಡೆಗೆ ಪಾಂಡುರಂಗನ ಕೃಪೆಯಿಂದ ಶಿಶುವೂ, ಗೋರನು ಕಳೆದುಕೊಂಡ ಕೈಗಳೂ ಮರಳುತ್ತವೆ. ಅದ್ಭುತವು ಕರುಣವನ್ನು ನುಂಗಿಬಿಡುತ್ತದೆ. ಭಕ್ತಿಕಥೆಗೆ ಇದು ಅನಿವಾರ್ಯವೆಂದೇ ಒಪ್ಪೋಣ. ಆದರೆ ಆ ಸಂಭ್ರಮದ ನಡುವೆ ತಾಯಿಯ ಪ್ರಶ್ನೆಯು ಉತ್ತರವಿಲ್ಲದೆ ಉಳಿದುಹೋಗುತ್ತದೆ.