ನಾಲಗೆಗೆ ಸಂದದ್ದು ಉಸಿರಿಗೂ ಸಲ್ಲುವುದೆ?

ಒಗ್ಗರಣೆಯ ಸೌಟಿನಲ್ಲಿ ಒಣಮೆಣಸಿನಕಾಯಿ ಒಂದು ಕ್ಷಣ ಹೆಚ್ಚಾಗಿ ಕಾದಿತೆಂದರೆ, ಒಲೆಯ ಮುಂದಿರುವವರು ಮಾತ್ರವಲ್ಲದೆ ನಡುಮನೆಯಲ್ಲಿ ಪತ್ರಿಕೆ ಓದುತ್ತ ಕುಳಿತವರೂ ತೊಟ್ಟಿಲಲ್ಲಿ ಮಲಗಿದ ಕೂಸೂ ಕೆಮ್ಮತೊಡಗುವುದನ್ನು ಕಾಣದ ಕನ್ನಡಿಗನಿಲ್ಲ. ಅದೇ ಮೆಣಸಿನಕಾಯಿ ಅರೆಗಳಿಗೆಯ ಅನಂತರ ಸಾರಿನಲ್ಲಿ ಬೆರೆತು ಎಲೆಗೆ ಬಂದಾಗ ನಾಲಗೆ ಅದನ್ನು ಚಪ್ಪರಿಸಿ ಬರಮಾಡಿಕೊಳ್ಳುತ್ತದೆ. ಪದಾರ್ಥ ಒಂದೇ, ದೇಹವನ್ನು ಹೊಗುವ ದ್ವಾರ ಬೇರೆಯಾದುದರಿಂದ ಅದರ ವರ್ತನೆಯೇ ಬೇರೆಯಾಯಿತು. ಇ-ಸಿಗರೇಟಿನ ದ್ರವವನ್ನು ಕುರಿತು ಅದನ್ನು ತಯಾರಿಸುವವರೂ ಸೇದುವವರೂ ಮುಂದಿಡುತ್ತ ಬಂದಿರುವ ಸಮರ್ಥನೆಗಳಲ್ಲಿ ಅತ್ಯಂತ ಪ್ರಬಲವಾದದ್ದು, ಅದರಲ್ಲಿರುವುದೆಲ್ಲ ಆಹಾರಕ್ಕೆ ಯೋಗ್ಯವಾದ ಸಾಮಗ್ರಿಯೇ ಎಂಬುದು. ಈ ಒಂದು ವಾದವನ್ನು ನಾನು ಎಷ್ಟು ಸಲ ತೂಗಿ ನೋಡಿದರೂ, ಅದು ಅಡಿಗೆಮನೆಯ ಆ ಘಾಟಿನ ಮುಂದೆ ನಿಲ್ಲಲಾರದೆಂದೇ ತೋರುತ್ತದೆ.

ಸಾಧನವೇನೋ ಸರಳವಾದದ್ದು. ಚೀನಾದ ಔಷಧತಜ್ಞ ಹೋನ್ ಲಿಕ್ 2003ರಲ್ಲಿ ರೂಪಿಸಿದ ಮೊದಲ ಮಾದರಿ ಅಲ್ಲಿಂದೀಚೆಗೆ ನಾನಾ ಆಕಾರಗಳನ್ನು ತಳೆದಿದೆಯಾದರೂ, ಇಂದು ಸಾಮಾನ್ಯವಾಗಿ ಕಾಣುವ ವೇಪಿನೊಳಗೆ ಒಂದು ಬ್ಯಾಟರಿ, ತೆಳುವಾದ ಲೋಹತಂತಿಯ ಸುರುಳಿ, ಹಣತೆಯ ಬತ್ತಿ ಎಣ್ಣೆಯನ್ನು ಹೀರುವಂತೆ ದ್ರವವನ್ನು ಹೀರಿ ಆ ಸುರುಳಿಗೆ ಉಣಿಸುವ ಹತ್ತಿ, ಇಷ್ಟು ಇರುತ್ತವೆ. ದ್ರವದ ಬಹುಭಾಗ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್; ಅದಕ್ಕೆ ನಿಕೋಟಿನ್ನೂ ಪರಿಮಳದ ರಾಸಾಯನಿಕಗಳೂ ಸೇರುತ್ತವೆ. ಸೇದಿದವನ ಬಾಯಿಂದ ಹೊರಡುವ ಬಿಳಿಯ ಮೋಡವನ್ನು ಆವಿಯೆಂದು ಕರೆಯುವುದು ರೂಢಿಯಾಗಿದೆ. ಆದರೆ ಅದು ನೀರಿನ ಹಬೆಯಲ್ಲ, ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೂ ಇಳಿಯಬಲ್ಲ ಅತಿಸೂಕ್ಷ್ಮ ಹನಿಗಳ ತುಂತುರು.

ಪರಿಮಳದ ವಿಷಯವನ್ನು ಮೊದಲು ನೋಡೋಣ. ಬೆಣ್ಣೆಗೆ ಬೆಣ್ಣೆಯ ವಾಸನೆಯನ್ನು ಕೊಡುವ ಪದಾರ್ಥಗಳಲ್ಲಿ ಡೈಅಸಿಟೈಲ್ ಮುಖ್ಯವಾದದ್ದು. ಹಾಲು ಹುಳಿಯುವಾಗ ತಾನಾಗಿಯೇ ಹುಟ್ಟುವ ಇದನ್ನು ಮನುಷ್ಯ ಬೆಣ್ಣೆಯನ್ನು ಕಂಡ ದಿನದಿಂದಲೂ ತಿನ್ನುತ್ತ ಬಂದಿದ್ದಾನೆ. ಹೀಗಿರುತ್ತ, 2000ದ ಮೇ ತಿಂಗಳಿನಲ್ಲಿ ಅಮೆರಿಕದ ಮಿಸ್ಸೌರಿ ರಾಜ್ಯದ ವೈದ್ಯರೊಬ್ಬರು, ಜಾಸ್ಪರ್ ಎಂಬ ಊರಿನ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಹಿಂದೆ ದುಡಿದಿದ್ದ ಎಂಟು ಜನರ ಶ್ವಾಸಕೋಶದ ಕಿರುನಾಳಗಳು ಗಾಯವಾಗಿ, ಮಾಯುವ ಕಾಲಕ್ಕೆ ಮುಚ್ಚಿಕೊಂಡು, ಮತ್ತೆ ತೆರೆಯದ ಸ್ಥಿತಿಯನ್ನು ಮುಟ್ಟಿವೆಯೆಂದು ಸರ್ಕಾರದ ಆರೋಗ್ಯ ಇಲಾಖೆಗೆ ತಿಳಿಸಿದರು. ಕಾದ ಎಣ್ಣೆಗೆ ಬೆಣ್ಣೆಯ ಪರಿಮಳವನ್ನು ಬೆರೆಸುವ ತೊಟ್ಟಿಯ ಬಳಿ ಏಳುತ್ತಿದ್ದ ಆವಿಯನ್ನು ದಿನವೂ ಉಸಿರಾಡಿದ್ದೇ ಇದಕ್ಕೆ ಕಾರಣವೆಂದು ವಿಚಾರಣೆ ಬೆರಳುಮಾಡಿತು. ಆ ಎಂಟು ಜನರಲ್ಲಿ ನಾಲ್ವರ ಹೆಸರು ಶ್ವಾಸಕೋಶದ ಕಸಿಗಾಗಿ ಕಾಯುವವರ ಪಟ್ಟಿಗೆ ಸೇರಿತು. ಅದೇ ಪಾಪ್‌ಕಾರ್ನನ್ನು ತಿಂದ ಲಕ್ಷಾಂತರ ಜನಕ್ಕೆ ಅದರಿಂದ ಈ ರೋಗ ಬರಲಿಲ್ಲ. ಬಂದದ್ದು ಅದರ ಗಾಳಿಯನ್ನು ಕುಡಿದವರಿಗೆ.

ಈ ಪಾಠ ಲೋಕಕ್ಕೆ ತಿಳಿದ ಹದಿನೈದು ವರ್ಷಗಳ ಮೇಲೆ, ಹಾರ್ವರ್ಡಿನ ಸಂಶೋಧಕರು ಪರಿಮಳಭರಿತವಾದ 51 ಬಗೆಯ ಇ-ಸಿಗರೇಟುಗಳನ್ನು ಪರೀಕ್ಷಿಸಿ, 39ರಲ್ಲಿ ಡೈಅಸಿಟೈಲ್ ಇರುವುದನ್ನೂ, ಅದೂ ಅದರ ಇಬ್ಬರು ರಾಸಾಯನಿಕ ದಾಯಾದಿಗಳೂ ಸೇರಿದ ಮೂರರಲ್ಲಿ ಒಂದಾದರೂ 47ರಲ್ಲಿ ಇರುವುದನ್ನೂ 2015ರಲ್ಲಿ ಪ್ರಕಟಿಸಿದರು. ಕಾರ್ಖಾನೆಯ ಗಾಳಿಯಲ್ಲಿದ್ದ ಪ್ರಮಾಣಕ್ಕೂ ಒಂದು ವೇಪಿನಲ್ಲಿರುವ ಪ್ರಮಾಣಕ್ಕೂ ಅಂತರವುಂಟೆಂಬುದನ್ನು ನಾನು ಮರೆತಿಲ್ಲ. ಸಿಗರೇಟಿನ ಹೊಗೆಯಲ್ಲಿಯೂ ಈ ಪದಾರ್ಥವಿದೆಯೆಂಬ ಆಕ್ಷೇಪಣೆಯೂ ನಿಜವೇ. ನನ್ನ ಮನಸ್ಸನ್ನು ನೋಯಿಸುವ ಸಂಗತಿ ಬೇರೆ. ಕಾರ್ಮಿಕರ ಎದೆಗೂಡನ್ನು ಬಲಿ ಕೊಟ್ಟು ಗಳಿಸಿದ ಜ್ಞಾನ ಕಣ್ಣೆದುರಿಗೆ ಇದ್ದಾಗಲೂ, ತಿನ್ನುವುದಕ್ಕೆಂದು ದೊರೆತ ಯೋಗ್ಯತಾಪತ್ರವನ್ನೇ ಉಸಿರಾಡುವುದಕ್ಕೂ ತೋರಿಸಿ ಸರಕನ್ನು ಮಾರಿದರಲ್ಲ, ಅದನ್ನು ಅಜ್ಞಾನವೆಂದು ಮನ್ನಿಸುವುದು ನನ್ನಿಂದಾಗದು.

ಇನ್ನು ಗ್ಲಿಸರಿನ್ನಿನ ಶುದ್ಧಿ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಎರಡಕ್ಕೂ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಹಳೆಯ ಕಳಂಕ. ಬಣ್ಣದಲ್ಲಿಯೂ ಸಿಹಿಯಲ್ಲಿಯೂ ಮಂದತೆಯಲ್ಲಿಯೂ ಅವುಗಳನ್ನೇ ಹೋಲುವ ಇದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಔಷಧವೆಂದು ಕೊಟ್ಟ ಗ್ಲಿಸರಿನ್ನಿನಲ್ಲಿ ಇದು ಬೆರೆತಿದ್ದುದರಿಂದ 14 ರೋಗಿಗಳು ಪ್ರಾಣ ಬಿಟ್ಟದ್ದನ್ನೂ, ನ್ಯಾಯಮೂರ್ತಿ ಲೆಂಟಿನ್ ಆಯೋಗ ಅದರ ವಿಚಾರಣೆ ನಡೆಸಿದ್ದನ್ನೂ ನಮ್ಮ ಹಿರಿಯರು ಮರೆತಿರಲಾರರು. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎರಡು ಕಂಪೆನಿಗಳ 18 ಇ-ಸಿಗರೇಟು ಕಾರ್ಟ್ರಿಜ್‌ಗಳನ್ನು ಪರೀಕ್ಷಿಸಿದಾಗ, ಒಂದರಲ್ಲಿ ಸುಮಾರು ಶೇಕಡ 1ರಷ್ಟು ಇದೇ ವಿಷ ಕಂಡುಬಂತು. ಹದಿನೆಂಟರಲ್ಲಿ ಒಂದು ತಾನೆ ಎನ್ನಬಹುದು. ಆದರೆ ಆಸ್ಪತ್ರೆಯ ಉಗ್ರಾಣಕ್ಕೇ ನುಸುಳಿದ್ದ ವಿಷವನ್ನು ತಡೆಯತಕ್ಕ ಕಾವಲು ಆ ಪುಟ್ಟ ಕೊಳವೆಗಳಿಗೆ ಎಲ್ಲಿತ್ತು?

ಇಷ್ಟೂ ಸೀಸೆಯೊಳಗಿನ ಮಾತಾಯಿತು. ಸೇದುವವನ ಎದೆಗೆ ಇಳಿಯುವುದು ಸೀಸೆಯಲ್ಲಿದ್ದದ್ದೇ ಅಲ್ಲ, ಕಾದ ಸುರುಳಿಯ ಮೇಲೆ ಹೊಸದಾಗಿ ಹುಟ್ಟಿದ್ದು ಎಂಬುದೇ ಈ ಪ್ರಕರಣದ ತಿರುಳು. ಬಾಣಲೆಯ ಎಣ್ಣೆ ಹೊತ್ತಿ ಕಣ್ಣು ಮೂಗುಗಳನ್ನು ಉರಿಸುವ ಹೊಗೆಯೆದ್ದಾಗ ಅದರಲ್ಲಿರುವ ಆಕ್ರೋಲೀನ್ ಗ್ಲಿಸರಿನ್ ಸೀದು ಹುಟ್ಟಿದ ಕೂಸು. ವೇಪಿನ ಸುರುಳಿ ಅತಿಯಾಗಿ ಕಾದರೆ ಅಲ್ಲಿಯೂ ಅದೇ ಹುಟ್ಟುತ್ತದೆ. ಫಾರ್ಮಾಲ್ಡಿಹೈಡಿನ ಕಥೆಯೂ ಇಂಥದೇ. ಹೆಚ್ಚಿನ ವೋಲ್ಟೇಜಿನಲ್ಲಿ ಅದು ಅಪಾರವಾಗಿ ಉತ್ಪತ್ತಿಯಾಗುವುದೆಂದು 2015ರಲ್ಲಿ ಹೊರಬಂದ ವರದಿಗೆ, ಅಷ್ಟು ಕಾಯಿಸಿದರೆ ಸೀದ ಕಹಿಯನ್ನು ತಾಳಲಾರದೆ ಯಾರೂ ಸೇದರೆಂಬ ಉತ್ತರ ಬಂದದ್ದನ್ನೂ ಇಲ್ಲಿ ಹೇಳಬೇಕಾದದ್ದು ನ್ಯಾಯ. ಆದರೆ ಲೋಹದ ವಿಷಯದಲ್ಲಿ ಅಂಥ ಉತ್ತರಕ್ಕೆ ಆಸ್ಪದವಿಲ್ಲ. ಜಾನ್ಸ್ ಹಾಪ್ಕಿನ್ಸಿನ ಸಂಶೋಧಕರು ದಿನವೂ ಸೇದುವ 56 ಜನರ ಸ್ವಂತ ಸಾಧನಗಳನ್ನೇ ತೆಗೆದುಕೊಂಡು, ತುಂಬುವ ಸೀಸೆಯ ದ್ರವವನ್ನೂ ಹೊರಬರುವ ತುಂತುರನ್ನೂ ಬೇರೆಬೇರೆಯಾಗಿ ಅಳೆದರು. ಸುರುಳಿಯನ್ನು ಹಾದುಬಂದ ತುಂತುರಿನಲ್ಲಿ ಸೀಸದ ಮಧ್ಯಮ ಪ್ರಮಾಣ ಸೀಸೆಯಲ್ಲಿದ್ದುದರ 25 ಪಟ್ಟಿಗೂ ಮೀರಿತ್ತು. ಕ್ರೋಮಿಯಂ, ನಿಕ್ಕಲ್‌ಗಳೂ ಏರಿದ್ದವು. 2018ರಲ್ಲಿ ಪ್ರಕಟವಾದ ಈ ಅಳತೆಯನ್ನು ಓದಿದ ಮೇಲೆ, ಸೀಸೆಯ ಮೇಲಿನ ಪರಿಶುದ್ಧತೆಯ ಚೀಟಿಗೆ ನಾನು ಯಾವ ಬೆಲೆಯನ್ನೂ ಕೊಡಲಾರೆ.

2019ರ ಬೇಸಗೆಯಲ್ಲಿ ಅಮೆರಿಕದ ಇಲಿನಾಯ್, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಮೊದಲು ಕಂಡು ದೇಶವನ್ನೇ ವ್ಯಾಪಿಸಿದ ಶ್ವಾಸಕೋಶದ ಬೇನೆ, ಮರುವರ್ಷದ ಫೆಬ್ರವರಿಯ ಹೊತ್ತಿಗೆ 2,807 ಜನರನ್ನು ಹಿಡಿದು, 68 ಜನರನ್ನು ಬಲಿ ತೆಗೆದುಕೊಂಡಿತ್ತು. ರೋಗಿಗಳ ಶ್ವಾಸಕೋಶವನ್ನು ತೊಳೆದು ತೆಗೆದ ದ್ರವದಲ್ಲಿ, ಪರೀಕ್ಷಿಸಿದ 51 ಜನರ ಪೈಕಿ 48 ಜನರಲ್ಲಿ ವಿಟಮಿನ್ ಇ ಅಸಿಟೇಟ್ ಸಿಕ್ಕಿತು. ಆರೋಗ್ಯವಂತರಾದ 99 ಜನರಲ್ಲಿ ಒಬ್ಬರಲ್ಲಿಯೂ ಸಿಗಲಿಲ್ಲ. ಮಾತ್ರೆಯಾಗಿ ನುಂಗುವ, ಲೇಪವಾಗಿ ಚರ್ಮಕ್ಕೆ ಹಚ್ಚುವ ವಸ್ತು ಅದು. ಗಾಂಜಾದ ಸತ್ತ್ವವನ್ನು ತುಂಬಿದ ಕಳ್ಳಮಾಲಿನ ಕಾರ್ಟ್ರಿಜ್‌ಗಳಲ್ಲಿ, ತೆಳುವಾದ ಎಣ್ಣೆ ಮಂದವಾಗಿ ಕಾಣಲೆಂದು ಅದನ್ನು ಬೆರೆಸಿದ್ದರು. ನಿಕೋಟಿನ್ ದ್ರವದ ಮೇಲೆ ಈ ಸಾವುಗಳ ಹೊಣೆಯನ್ನು ಹೊರಿಸುವುದು ಸರಿಯಲ್ಲ. ಆದರೆ ನುಂಗಲು ನಿರುಪದ್ರವಿಯಾದದ್ದು ಉಸಿರಿಗೆ ಮೃತ್ಯುವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಕ್ರೂರವಾದ ಸಾಕ್ಷ್ಯ ಬೇಕಿಲ್ಲ.

ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿ, ಇ-ಸಿಗರೇಟು ಸಿಗರೇಟಿಗಿಂತ ಸುಮಾರು ಶೇಕಡ 95ರಷ್ಟು ಕಡಿಮೆ ಹಾನಿಕರವೆಂದಿತು. ಮೂವತ್ತು ವರ್ಷ ಸಿಗರೇಟು ಸೇದಿದವನೊಬ್ಬ ಅದನ್ನು ಬಿಡುವುದಕ್ಕೆ ಇದನ್ನು ಊರುಗೋಲಾಗಿ ಹಿಡಿದರೆ ಈ ತುಲನೆಗೆ ಅರ್ಥವಿದೆ. ಎಂದೂ ಸೇದದ ಹದಿನೇಳರ ಹುಡುಗನಿಗೆ ಅದು ಸಲ್ಲದು. ಅವನು ಹೋಲಿಸಬೇಕಾದದ್ದು ಹೊಗೆಯೊಡನಲ್ಲ, ಬರಿಯ ಗಾಳಿಯೊಡನೆ. ಯುರೋಪಿನ ಒಕ್ಕೂಟ 2014ರಲ್ಲಿ ಮಾಡಿದ ನಿರ್ದೇಶನದಲ್ಲಿ, ನಿಕೋಟಿನ್ ಹೊರತು ಉಳಿದ ಯಾವ ಪದಾರ್ಥವೂ ಕಾಯಿಸಿದಾಗಲಾಗಲಿ ಕಾಯಿಸದಿದ್ದಾಗಲಾಗಲಿ ಅಪಾಯಕರವಾಗಿರಕೂಡದೆಂಬ ನಿಬಂಧನೆಯಿದೆ. ಕಾಯಿಸಿದಾಗ ಎಂಬ ಆ ಒಂದು ಪದವನ್ನು ಸೇರಿಸಿದವರ ವಿವೇಕಕ್ಕೆ ನಾನು ತಲೆಬಾಗುತ್ತೇನೆ.

ನಮ್ಮಲ್ಲಿ ಕರ್ನಾಟಕ 2016ರಲ್ಲಿಯೂ, ಇಡೀ ಭಾರತ 2019ರಲ್ಲಿಯೂ ಇದರ ಮಾರಾಟವನ್ನು ನಿಷೇಧಿಸಿದವು. ನಿಷೇಧವನ್ನು ನಾನು ಸ್ವಾಗತಿಸುತ್ತೇನೆ. ಆದರೂ ಕಳ್ಳದಾರಿಯಿಂದ ಸರಕು ಬರುತ್ತಲೇ ಇದೆ, ಮತ್ತು ಹಾಗೆ ಬಂದದ್ದನ್ನು ಕೊಳ್ಳುವವನ ಪರವಾಗಿ ಪರೀಕ್ಷಿಸುವವರು ಯಾರೂ ಇಲ್ಲ. ಕೆಲವು ತಿಂಗಳ ಹಿಂದೆ ನನ್ನ ಮಿತ್ರರೊಬ್ಬರು, ಕಾಲೇಜಿಗೆ ಹೋಗುವ ಮಗನ ಚೀಲದಲ್ಲಿ ಸಿಕ್ಕಿತೆಂದು ಬೆರಳುದ್ದದ ಹಳದಿ ಕೊಳವೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟು, “ಇದರೊಳಗೆ ಏನೇನಿದೆ, ಸ್ವಲ್ಪ ನೋಡಿ ಹೇಳಿ ಸ್ವಾಮಿ” ಎಂದರು. ಮೂಗಿಗೆ ಹಿಡಿದರೆ ಮಾಗಿದ ರಸಪುರಿಯ ವಾಸನೆ. ಕನ್ನಡಕವನ್ನು ಏರಿಸಿ, ಕಿಟಕಿಯ ಬೆಳಕಿಗೆ ಹೊರಳಿಸಿ ಹೊರಳಿಸಿ ನೋಡಿದೆ: ಒಂದು ಮಾವಿನ ಹಣ್ಣಿನ ಚಿತ್ರ, ನಿಕೋಟಿನ್ನಿನ ಶೇಕಡಾವಾರು ಅಂಕೆ, ಎಷ್ಟು ಸಲ ಸೇದಬಹುದೆಂಬ ಲೆಕ್ಕ. ಮಾಡಿದವರ ಹೆಸರಾಗಲಿ ಊರಾಗಲಿ ಅದರ ಮೇಲೆ ಇರಲಿಲ್ಲ.